ಎಫ್‌.ವೈ. ಬಿ.ಎಸ್‌ಸಿ.ಯಲ್ಲಿ ಕೋಶವಿಜ್ಞಾನ: ಮೊದಲ ತಿಂಗಳು ಮಾಡಬೇಕಾದ ಕೆಲಸ

ಹನ್ನೆರಡನೆಯ ತರಗತಿ ಮುಗಿಸಿ ಮುಂಬಯಿ, ಪುಣೆಯ ಕಾಲೇಜುಗಳಲ್ಲಿ ಪದವಿಯ ಮೊದಲ ವರ್ಷವಾದ ಎಫ್‌.ವೈ. ಬಿ.ಎಸ್‌ಸಿ. ಸೇರುವ ನಮ್ಮ ಕನ್ನಡದ ಮಕ್ಕಳಲ್ಲಿ ಹೆಚ್ಚಿನವರು ಕೋಶವಿಜ್ಞಾನದ ತರಗತಿಗೆ ಒಳ್ಳೆಯ ಧೈರ್ಯದಿಂದಲೇ ಬರುತ್ತಾರೆ. ಮೈಟೊಕಾಂಡ್ರಿಯ, ಗಾಲ್ಗಿ, ರೈಬೋಸೋಮ್ ಎಲ್ಲವನ್ನೂ ಓದಿಯಾಗಿದೆ, ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಲು ಬರುತ್ತದೆ, ಇನ್ನೇನು ಉಳಿದಿದೆ ಎಂಬ ಭಾವನೆ. ಈ ಧೈರ್ಯ ಮೊದಲ ಆಂತರಿಕ ಪರೀಕ್ಷೆಯವರೆಗೆ ಬಾಳುತ್ತದೆ. ಜೂನಿಯರ್ ಕಾಲೇಜಿನಲ್ಲಿ ಕಣದಂಗದ ಹೆಸರು ಮತ್ತು ಕೆಲಸ ಬರೆದರೆ ಅಂಕ ಸಿಗುತ್ತಿತ್ತು. ಇಲ್ಲಿ ಅದು ಹಾಗಿದೆಯೆಂದು ತಿಳಿದದ್ದು ಹೇಗೆ, ಒಂದು ಭಾಗ ಕೆಟ್ಟರೆ ಮುಂದೇನಾಗುತ್ತದೆ ಎಂಬುದನ್ನು ಕೇಳುತ್ತಾರೆ. ಹಲವು ವರ್ಷ ಪ್ರಾಕ್ಟಿಕಲ್ ಮಾಡಿಸಿದ ಅನುಭವದಿಂದ ಹೇಳುವುದಾದರೆ, ಈ ವ್ಯತ್ಯಾಸವನ್ನು ಮೊದಲ ತಿಂಗಳಲ್ಲಿಯೇ ಹಿಡಿದವರಿಗೆ ಉಳಿದ ಸೆಮಿಸ್ಟರ್ ಭಾರವಾಗುವುದಿಲ್ಲ.

ಮೊದಲ ವಾರವನ್ನು ಅಳತೆಗೆ ಮೀಸಲಿಡಿ. ಒಂದು ಮಿಲಿಮೀಟರಿಗೆ 1000 ಮೈಕ್ರೋಮೀಟರ್, ಒಂದು ಮೈಕ್ರೋಮೀಟರಿಗೆ 1000 ನ್ಯಾನೋಮೀಟರ್ ಎಂಬುದು ಯಾರಿಗೂ ಹೊಸದಲ್ಲ. ಆದರೂ ಕೋಶಕೇಂದ್ರಕ್ಕಿಂತ ದೊಡ್ಡ ರೈಬೋಸೋಮುಗಳು ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ಹುಟ್ಟುತ್ತವೆ. ಇದಕ್ಕೆ ನಾನು ಹೇಳಿಕೊಡುವ ಉಪಾಯವೆಂದರೆ ಒಂದು ಮೈಕ್ರೋಮೀಟರನ್ನು ಮನಸ್ಸಿನಲ್ಲೇ ಒಂದು ಮೀಟರಿಗೆ ಹಿಗ್ಗಿಸುವುದು. ಆಗ 20 ಮೈಕ್ರೋಮೀಟರಿನ ಮನುಷ್ಯಕೋಶವೊಂದು ಹೆಚ್ಚುಕಡಿಮೆ ಲೋಕಲ್ ರೈಲಿನ ಒಂದು ಡಬ್ಬದಷ್ಟು ಉದ್ದವಾಗುತ್ತದೆ. ಅದರೊಳಗಿನ ಕೋಶಕೇಂದ್ರ ಸುಮಾರು ಆರು ಮೀಟರಿನ ಗೋಳ, ಮೈಟೊಕಾಂಡ್ರಿಯದ ದಪ್ಪ ಅರ್ಧದಿಂದ ಒಂದು ಮೀಟರ್, ರೈಬೋಸೋಮ್ ಒಂದು ನೆಲ್ಲಿಕಾಯಿ, ಡಬ್ಬದ ಹೊರಗೋಡೆಯಾದ ಕೋಶಪೊರೆ ಬರೀ ಏಳೆಂಟು ಮಿಲಿಮೀಟರ್. ಡಿ.ಎನ್‌.ಎ. 2 ಮಿಲಿಮೀಟರ್ ದಪ್ಪದ ದಾರ. ಅದರ ಒಟ್ಟು ಉದ್ದ ಮಾತ್ರ ಸುಮಾರು 2000 ಕಿಲೋಮೀಟರ್, ಅಂದರೆ ಮುಂಬಯಿಯಿಂದ ಬೆಂಗಳೂರಿಗೆ ಹೋಗಿ ಮರಳಿ ಬಂದಷ್ಟು. ಇಷ್ಟು ದಾರವು 46 ತುಂಡುಗಳಾಗಿ, ಸಿಕ್ಕುಗಟ್ಟದೆ, ಬೇಕಾದಾಗ ಬೇಕಾದ ಜಾಗದಲ್ಲಿ ಬಿಚ್ಚಿಕೊಳ್ಳುವಂತೆ ಆ ಆರು ಮೀಟರಿನ ಗೋಳದಲ್ಲಿ ಅಡಗಿರಬೇಕು. ಇದನ್ನೊಮ್ಮೆ ಕಣ್ಣಮುಂದೆ ತಂದುಕೊಂಡವರಿಗೆ ಈ ದಾರವನ್ನು ಸುತ್ತಿಡುವ ಹಿಸ್ಟೋನ್ ಪ್ರೋಟೀನುಗಳು ಯಾಕೆ ಬೇಕೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ. ಸಾಮಾನ್ಯ ಮೈಕ್ರೋಸ್ಕೋಪಿನ ಮಿತಿಯೂ ಇದೇ ಲೆಕ್ಕದಲ್ಲಿ ಅರ್ಥವಾಗುತ್ತದೆ: ಅದರ ಬೇರ್ಪಡಿಸುವ ಶಕ್ತಿ ಸುಮಾರು 200 ನ್ಯಾನೋಮೀಟರ್, ಅಂದರೆ ನಮ್ಮ ಡಬ್ಬದಲ್ಲಿ 20 ಸೆಂಟಿಮೀಟರ್. ಒಂದು ಗೇಣಿಗಿಂತ ಹತ್ತಿರವಿರುವ ಎರಡು ವಸ್ತುಗಳು ಅದರಲ್ಲಿ ಒಂದಾಗಿಯೇ ಕಾಣುತ್ತವೆ. ನೆಲ್ಲಿಕಾಯಿಯನ್ನು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಎರಡನೆಯ ವಾರದಿಂದ ಪಾಠಗಳನ್ನು ಪ್ರಯೋಗದ ಕಡೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ. ಕೋಶಪೊರೆಯನ್ನೇ ತೆಗೆದುಕೊಳ್ಳೋಣ. ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಬ್ಬಿನ ದ್ರವಪದರದಲ್ಲಿ ಪ್ರೋಟೀನುಗಳು ತೇಲುತ್ತಿವೆಯೆನ್ನುವ ದ್ರವ ಮೊಸಾಯಿಕ್ ಮಾದರಿಯನ್ನು ಮಂಡಿಸಿದರು ಎಂಬ ವಾಕ್ಯವನ್ನು ಎಲ್ಲರೂ ಬರೆಯುತ್ತಾರೆ. ಪೊರೆ ದ್ರವದಂತಿದೆ ಎನ್ನಲು ಆಧಾರವೇನೆಂದು ಕೇಳಿದರೆ ಮುಖ ನೋಡುತ್ತಾರೆ. ಫ್ರೈ ಮತ್ತು ಎಡಿಡಿನ್ ಎಂಬವರು 1970ರಲ್ಲಿ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಒಂದಾಗಿ ಬೆಸೆದು, ಇಲಿಯ ಪೊರೆಯ ಪ್ರೋಟೀನುಗಳಿಗೆ ಹಸಿರು ಹೊಳಪನ್ನೂ ಮನುಷ್ಯನವುಗಳಿಗೆ ಕೆಂಪು ಹೊಳಪನ್ನೂ ಕೊಟ್ಟು ನೋಡಿದರು. ಬೆಸೆದ ಕೂಡಲೇ ಅರ್ಧ ಹಸಿರು, ಅರ್ಧ ಕೆಂಪಾಗಿದ್ದ ಕೋಶದಲ್ಲಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ 40 ನಿಮಿಷಗಳಲ್ಲಿ ಎರಡು ಬಣ್ಣಗಳೂ ಬೆರೆತುಹೋದವು. ತಂಪಿನಲ್ಲಿಟ್ಟಾಗ ಬೆರೆಯುವುದು ಬಹಳ ಕಡಿಮೆಯಾಯಿತು. ಕೋಶದ ಶಕ್ತಿ ಉತ್ಪಾದನೆಯನ್ನು ತಡೆದಾಗ ಮಾತ್ರ ಅದು ನಿಲ್ಲಲಿಲ್ಲ. ಇಲ್ಲಿ ಪುಸ್ತಕ ಮುಚ್ಚಿ, ಶಕ್ತಿಯನ್ನು ತಡೆದು ನೋಡುವ ಅಗತ್ಯ ಅವರಿಗೇಕೆ ಬಂತೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕೋಶವೇ ಶಕ್ತಿ ಖರ್ಚುಮಾಡಿ ಪ್ರೋಟೀನುಗಳನ್ನು ಅತ್ತಿಂದಿತ್ತ ಸಾಗಿಸುತ್ತಿರಬಹುದೆಂಬ ಇನ್ನೊಂದು ಸಾಧ್ಯತೆಯನ್ನು ಅವರು ತಳ್ಳಿಹಾಕಬೇಕಾಗಿತ್ತು ಎಂಬ ಉತ್ತರ ನಿಮಗೆ ಹೊಳೆದರೆ, ಪರೀಕ್ಷಕರು ನಿಮ್ಮಿಂದ ಬಯಸುವುದು ಇದನ್ನೇ. ಇಂಥ ಕೆಲಸಗಳಿಗೆ ಬೇಕಾದ ಕೋಶಗಳನ್ನು ಬೆಳೆಸಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿಯೇ ಇದೆ. ಅಲ್ಲಿಗೆ ಕಾಲೇಜಿನಿಂದ ಭೇಟಿ ಏರ್ಪಟ್ಟರೆ ತಪ್ಪಿಸಿಕೊಳ್ಳಬೇಡಿ.

ಓದುವುದು ಇಂಗ್ಲಿಷಿನಲ್ಲಿ, ಬೆಂಚಿನ ಪಕ್ಕದವರೊಡನೆ ಚರ್ಚೆ ಮರಾಠಿ ಅಥವಾ ಹಿಂದಿಯಲ್ಲಿ, ಮನೆಯಲ್ಲಿ ಕನ್ನಡ ಅಥವಾ ತುಳು ಎಂಬುದು ನಮ್ಮ ಮಕ್ಕಳ ಪಾಡು. ಮರಾಠಿಯಲ್ಲಿ ಕೋಶಕ್ಕೆ ಪೇಶಿ ಎನ್ನುತ್ತಾರೆ. ಮಾಂಸಪೇಶಿ ಎಂಬ ಮಾತು ಕೇಳಿ ಬೆಳೆದ ನಮ್ಮವರು ಅದನ್ನು ಸ್ನಾಯುವೆಂದು ತಿಳಿದು ಅರ್ಧ ಚರ್ಚೆಯನ್ನು ತಪ್ಪಾಗಿ ಕೇಳಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿಯೇ ಇರಲಿ, ಪರೀಕ್ಷೆಗೆ ಅವೇ ಬೇಕು. ಆದರೆ ಪ್ರಕ್ರಿಯೆಯನ್ನು, ಉದಾಹರಣೆಗೆ ಒಂದು ಪ್ರೋಟೀನು ಎಲ್ಲಿ ತಯಾರಾಗಿ ಯಾವ ದಾರಿಯಲ್ಲಿ ಕೋಶದಿಂದ ಹೊರಬೀಳುತ್ತದೆ ಎಂಬುದನ್ನು, ಮನೆಯಲ್ಲಿ ಅಮ್ಮನಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಿನೋಡಿ. ತಡವರಿಸಿದ ಜಾಗವೇ ನಿಮಗೆ ಅರ್ಥವಾಗದ ಜಾಗ.

ಪ್ರಾಕ್ಟಿಕಲ್‌ನಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಈರುಳ್ಳಿ ಎಸಳಿನ ಒಳಮೈಯ ಪೊರೆ. ಸ್ಲೈಡಿನ ಮೇಲೆ ನೀರಿನ ಹನಿ ಹಾಕಿ, ಪೊರೆಯನ್ನು ಮಡಚಿಕೊಳ್ಳದಂತೆ ಹರಡಿ, ಅಯೋಡಿನ್ ಸೇರಿಸಿ, ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ ಓರೆಯಾಗಿ ನಿಧಾನವಾಗಿ ಇಳಿಸಬೇಕು. ನೇರವಾಗಿ ಬೀಳಿಸಿದರೆ ಗಾಳಿಗುಳ್ಳೆಗಳು ಸೇರಿ, ಕಪ್ಪು ಅಂಚಿನ ಆ ಗುಳ್ಳೆಗಳೇ ಕೋಶಗಳೆಂದು ಪ್ರಯೋಗದ ಪುಸ್ತಕವಾದ ಜರ್ನಲ್ ಸೇರುತ್ತವೆ. ಯಾವಾಗಲೂ ಅತಿ ಕಡಿಮೆ ಶಕ್ತಿಯ ಮಸೂರದಿಂದ ಆರಂಭಿಸಿ, 40ರ ಮಸೂರಕ್ಕೆ ಬಂದ ಮೇಲೆ ದೊಡ್ಡ ತಿರುಪನ್ನು ಮುಟ್ಟದೆ ಸಣ್ಣದನ್ನಷ್ಟೇ ತಿರುಗಿಸಿ. ಕೋಶದ ಅಂಚು ಸ್ಪಷ್ಟವಾಗದಿದ್ದರೆ ಬೆಳಕು ಹೆಚ್ಚಿಸುವ ಬದಲು ಬೆಳಕಿನ ಕಿಂಡಿಯಾದ ಡಯಾಫ್ರಮನ್ನು ಸ್ವಲ್ಪ ಮುಚ್ಚಿ.

ಕಂಡದ್ದನ್ನೇ ಬರೆಯುವುದು ಕೇಳಿದಷ್ಟು ಸುಲಭವಲ್ಲ. ನನ್ನ ಮೊದಲ ಜರ್ನಲಿನಲ್ಲಿ ನಾನು ಈರುಳ್ಳಿಯ ಆ ಪೊರೆಗೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಕ್ಲೋರೊಪ್ಲಾಸ್ಟುಗಳನ್ನು ಬರೆದಿದ್ದೆ, ಸಸ್ಯಕೋಶವೆಂದರೆ ಅವು ಇರಲೇಬೇಕೆಂಬ ನಂಬಿಕೆಯಿಂದ. ನಮ್ಮ ಮೇಡಂ ಏನೂ ಬೈಯದೆ, ಸ್ಲೈಡನ್ನು ಮತ್ತೆ ಇಟ್ಟು, ಒಂದನ್ನು ತೋರಿಸು ಎಂದರು. ಮಣ್ಣಿನಡಿಯಲ್ಲಿ ಬಿಸಿಲು ಕಾಣದ ಗೆಡ್ಡೆಯಲ್ಲಿ ಅವು ಎಲ್ಲಿಂದ ಬರಬೇಕು. ಎಚ್‌.ಬಿ. ಪೆನ್ಸಿಲಿನಿಂದ ಒಂದೇ ಗೆರೆಯಲ್ಲಿ, ಛಾಯೆ ತುಂಬದೆ, ಮೂರ್ನಾಲ್ಕು ಕೋಶಗಳನ್ನು ದೊಡ್ಡದಾಗಿ ಬರೆದು ವರ್ಧನೆಯನ್ನು ನಮೂದಿಸಿ. ಕಣ್ಣಿನ ಬದಿಯ ಮಸೂರ 10, ಕೆಳಗಿನದು 40 ಆದರೆ ಅದು 400. ಅಳತೆಯೂ ಬೇಕಾದರೆ ಮೈಕ್ರೋಮೀಟರ್ ಎಂಬ ಎರಡು ಅಳತೆಪಟ್ಟಿಗಳನ್ನು, ಕಣ್ಣಿನ ಬದಿಯ ಮಸೂರದೊಳಗಿನದನ್ನೂ ಸ್ಲೈಡ್ ಇಡುವ ಸ್ಟೇಜಿನ ಮೇಲಿನದನ್ನೂ, ಒಂದಕ್ಕೊಂದು ಹೊಂದಿಸಿಕೊಳ್ಳಬೇಕು: ಸ್ಟೇಜಿನ ಪಟ್ಟಿಯ ಒಂದು ಮನೆ 10 ಮೈಕ್ರೋಮೀಟರ್, ಕಣ್ಣಿನ ಪಟ್ಟಿಯ 100 ಮನೆಗಳು ಅದರ 25 ಮನೆಗಳಿಗೆ ಸರಿಹೊಂದಿದರೆ, ಕಣ್ಣಿನ ಪಟ್ಟಿಯ ಒಂದು ಮನೆ 2.5 ಮೈಕ್ರೋಮೀಟರ್. ಕೋಶಕೇಂದ್ರ ಆರು ಮನೆ ಹಿಡಿದರೆ ಅದರ ಅಗಲ 15 ಮೈಕ್ರೋಮೀಟರ್. ಮಸೂರ ಬದಲಾದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಉಳಿದದ್ದು ವ್ಯವಹಾರದ ಮಾತು. ಒಂದು ಥಿಯರಿ ಕ್ರೆಡಿಟ್ ಎಂದರೆ 15 ಗಂಟೆಗಳ ಪಾಠ, ಪ್ರಾಕ್ಟಿಕಲ್ ಕ್ರೆಡಿಟ್ ಎಂದರೆ 30 ಗಂಟೆಗಳ ಕೆಲಸ. ಹಾಜರಾತಿ ಸಾಮಾನ್ಯವಾಗಿ ಶೇಕಡಾ 75 ಬೇಕು. ಜುಲೈಯ ಮಳೆಗೆ ಲೋಕಲ್ ನಿಂತ ದಿನಗಳು ಬಿಟ್ಟುಕೊಟ್ಟ ಶೇಕಡಾ 25ರಲ್ಲಿಯೇ ಸೇರಿಹೋಗುತ್ತವೆ, ಆದ್ದರಿಂದ ಉಳಿದ ದಿನಗಳಲ್ಲಿ ರಜೆ ಹಾಕಬೇಡಿ. ಊರಿನಲ್ಲಿ ರೆಕಾರ್ಡ್ ಎನ್ನುವುದನ್ನು ಇಲ್ಲಿ ಜರ್ನಲ್ ಎನ್ನುತ್ತಾರೆ. ಸರ್ಟಿಫೈ ಆದ ಜರ್ನಲ್ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರತಿ ಪ್ರಯೋಗದ ಸಹಿಯನ್ನು ಅದೇ ವಾರ ಪಡೆದುಕೊಳ್ಳಿ. ಸಬ್‌ಮಿಷನ್‌ನ ಹಿಂದಿನ ರಾತ್ರಿ ಗೆಳೆಯರ ಜರ್ನಲ್ ನೋಡಿ ಬರೆದ ಚಿತ್ರಗಳಲ್ಲಿ ಅವರ ಗಾಳಿಗುಳ್ಳೆಗಳೂ ಬಂದಿರುತ್ತವೆ, ಸಹಿ ಹಾಕುವವರಿಗೆ ಅದು ಗೊತ್ತಾಗುತ್ತದೆ.