ಮಂಜಿನಲ್ಲಿ ನಲವತ್ತು ಡಿಗ್ರಿ

"ಕಂಪಾಸ್ ತಂದೆ" ಅಂದಾಗ ಅಮ್ಮ, "ಈ ವಯಸ್ಸಿಗೆ ಯಾವ ಪರೀಕ್ಷೆನೋ?" ಅಂದರು. ನಮ್ಮಲ್ಲಿ ಕಂಪಾಸ್ ಅಂದರೆ ಶಾಲೆಯ ಡಬ್ಬಿಯೇ ಅಲ್ವಾ! ನಾನು ತಂದದ್ದು ದಿಕ್ಸೂಚಿ. ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ 360 ಡಿಗ್ರಿ ಗುರುತಿರುವ ತಿರುಗುವ ಬಳೆ, ಒಳಗೆ ಕೆಂಪು ತುದಿಯ ಮುಳ್ಳು.

ಮೊದಲು ಮೈದಾನದಲ್ಲಿ ಕಲಿತೆ. ನೆಲದ ಮೇಲೆ ಒಂದು ನಾಣ್ಯ ಇಟ್ಟು, 0 ಡಿಗ್ರಿಗೆ, ಅಂದರೆ ಉತ್ತರಕ್ಕೆ, 40 ಹೆಜ್ಜೆ, 120ಕ್ಕೆ 40, 240ಕ್ಕೆ 40 ನಡೆದೆ. ಕೊನೆಗೆ ನಾಣ್ಯ ಕಾಲ ಬುಡದಲ್ಲಿರಬೇಕು. ನನ್ನದು ಹತ್ತು ಹೆಜ್ಜೆ ಆಚೆ ಇತ್ತು. ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದೇ ಮುಳ್ಳು ನೋಡುತ್ತಿದ್ದೆ, ಅದೇ ಎಡವಟ್ಟು. ಮೊಬೈಲಿನೊಳಗೂ ಅಯಸ್ಕಾಂತ ಇರುತ್ತದೆ.

ಆಮೇಲೆ ಗೆಳೆಯನ ಜೊತೆ ಬಾಬಾಬುಡನ್‌ಗಿರಿ ಸಾಲಿಗೆ ಹೋದೆ. ಎದುರು ಇಳಿಜಾರಿನಲ್ಲಿ ಶೋಲ ಕಾಡಿನ, ಅಂದರೆ ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡಿನ, ಅಂಚು ಕಾಣುತ್ತಿತ್ತು. ಪಟ್ಟಿಯ ಬಾಣವನ್ನು ಅದರ ಕಡೆ ಹಿಡಿದು, ಬಳೆಯ ಉತ್ತರದ ಗುರುತು ಕೆಂಪು ತುದಿಯ ಕೆಳಗೆ ಬರುವವರೆಗೆ ತಿರುಗಿಸಿದೆ. ಬಾಣದ ನೇರಕ್ಕೆ ಬಳೆಯಲ್ಲಿ ಕಂಡದ್ದು 40 ಡಿಗ್ರಿ. ಇನ್ನು ಬಳೆ ಮುಟ್ಟುವಂತಿಲ್ಲ. ಕೆಂಪು ತುದಿ ಆ ಗುರುತಿನಲ್ಲಿ ಕೂರುವವರೆಗೆ ನಾವೇ ತಿರುಗಬೇಕು, ಬಾಣ ತೋರಿಸಿದ ಕಡೆ ನಡೆಯಬೇಕು.

ಅರ್ಧ ಗಂಟೆಯಲ್ಲಿ ಮಂಜು ಮುಚ್ಚಿತು. ಮುಳ್ಳನ್ನೇ ನೋಡುತ್ತಾ ನಡೆದರೆ ಗೊತ್ತಿಲ್ಲದೆ ಪಕ್ಕಕ್ಕೆ ಜಾರುತ್ತೇವೆ. 5 ಡಿಗ್ರಿ ತಪ್ಪಿದರೂ ಕಿಲೋಮೀಟರಿಗೆ 87 ಮೀಟರ್ ಆಚೆ. ಬಾಣದ ನೇರಕ್ಕೆ ಒಂದು ಮರವನ್ನೋ ಕಲ್ಲನ್ನೋ ಗುರುತಿಟ್ಟು ಅಲ್ಲಿಗೆ ಹೋಗಬೇಕು. ಆದರೆ ಅಲ್ಲಿ ಬರೀ ಹುಲ್ಲು. ಹಾಗಾಗಿ ಗೆಳೆಯನನ್ನೇ ಮುಂದೆ ಕಳಿಸಿದೆ. "ಸ್ವಲ್ಪ ಬಲಕ್ಕೆ ಬಾರೋ... ಇನ್ನೂ... ಸಾಕು, ನಿಲ್ಲು!" ನಾನು ಅವನ ಹತ್ತಿರ ಹೋಗುವುದು, ಅವನು ಮತ್ತೆ ಇಪ್ಪತ್ತು ಹೆಜ್ಜೆ ಮುಂದೆ.

ಒಂದು ಕಡೆ ಕೈ ನಡುಗುತ್ತಿದೆ ಅಂತ ಕಂಪಾಸನ್ನು ಕಪ್ಪು ಬಂಡೆಯ ಮೇಲೆ ಇಟ್ಟೆ. ಮುಳ್ಳು ಸುಮ್ನೆ ಪಕ್ಕಕ್ಕೆ ವಾಲಿಕೊಂಡಿತು! ಅವನು ಹಿಂದೆ ತಿರುಗಿ ತನ್ನ ಕಂಪಾಸಿನಲ್ಲಿ ನನ್ನ ಕಡೆ ನೋಡಿದ. ನನ್ನದು 40 ಆದರೆ ಅವನಿಗೆ 220 ಬರಬೇಕು, 180 ವ್ಯತ್ಯಾಸ. ಅವನಿಗೆ ಬಂದದ್ದು 195. ಆ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ಅದರಲ್ಲಿ ಮ್ಯಾಗ್ನೆಟೈಟೂ ಇದೆ. ಹಳೆಯ ಮಾತಿನಲ್ಲಿ ಹೇಳಿದರೆ ಸೂಜಿಗಲ್ಲು, ಮುಳ್ಳನ್ನು ತನ್ನ ಕಡೆ ಎಳೆಯುವ ಕಲ್ಲು. ಬಂಡೆ ಬಿಟ್ಟು ಹತ್ತು ಹೆಜ್ಜೆ ಆಚೆ ನಿಂತು, ಕಂಪಾಸನ್ನು ಎದೆಯ ಮಟ್ಟದಲ್ಲಿ ಹಿಡಿದೆ. 40, ಅತ್ತ ಅವನದು 220.

ಕಾಡಿನ ಅಂಚು ಕೈಗೆ ತಾಗುವಷ್ಟು ಹತ್ತಿರ ಬಂದ ಮೇಲೇ ಕಂಡಿತು. ಗೆಳೆಯ ಫ್ಲಾಸ್ಕ್ ಮುಚ್ಚಳ ಬಿಚ್ಚಿ, "ವಾಪಸ್ ಹೋಗುವಾಗ ಮುಂದೆ ನಡೆಯೋದು ನೀನು" ಅಂದ.