ಸ್ಟುಟ್‌ಗಾರ್ಟ್‌ಗೆ ಹೊರಡುವ ಮುನ್ನ ಮಾಡಿದ ಎರಡು ಲೆಕ್ಕ

ಮೊದಲ ಸಲ ಜರ್ಮನಿಯ ಒಂದು ವಿಶ್ವವಿದ್ಯಾಲಯ ನನಗೆ ಸೀಟು ಕೊಡದಿದ್ದದ್ದು ಅಂಕ ಕಡಿಮೆಯೆಂದಲ್ಲ, ಗಣಿತ ಸಾಲದೆಂದು. ವಿಟಿಯುನಲ್ಲಿ ಎಂ-1ರಿಂದ ಎಂ-4ರವರೆಗೆ ನಾಲ್ಕೂ ಗಣಿತ ಪೇಪರ್ ಬರೆದು, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಎಂಜಿನಿಯರಿಂಗ್ ಮುಗಿಸಿದವನಿಗೆ ಅದು ಅರ್ಥವೇ ಆಗಲಿಲ್ಲ. ಅಂಕಪಟ್ಟಿ ಹರಡಿಕೊಂಡು ಕೂತಾಗ ಹೊಳೆಯಿತು: 'ಎಂಜಿನಿಯರಿಂಗ್ ಸ್ಟ್ಯಾಟಿಸ್ಟಿಕ್ಸ್ ಅಂಡ್ ಲೀನಿಯರ್ ಆಲ್ಜೀಬ್ರಾ' ಪೂರ್ತಿ ಗಣಿತವೇ, ಆದರೆ ಅದರ ಕೋಡ್ ಇಸಿಯದು. ನಾನೂ ಅದನ್ನು ಎಲೆಕ್ಟ್ರಾನಿಕ್ಸ್ ಸಾಲಿಗೇ ಸೇರಿಸಿ ಕಳಿಸಿದ್ದೆ.

ಮುಂದಿನ ಸಲ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಇನ್ಫೋಟೆಕ್ ಎಂಎಸ್ಸಿಗೆ ಅರ್ಜಿ ಹಾಕುವಾಗ ನಾಲ್ಕು ವರ್ಷದ ಸಿಲಬಸ್ ಮುಂದಿಟ್ಟುಕೊಂಡು, ಯಾವ ಪೇಪರಿನಲ್ಲಿ ಏನೇನು ಓದಿದ್ದೇನೆ, ಎಷ್ಟು ತಾಸು ಎಂದು ವಿಷಯವಾರು ಬರೆದೆ. ಇಡೀ ಅರ್ಜಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ನನ್ನ 8.2 ಸಿಜಿಪಿಎ, ಪಾಸಿನ ಮಟ್ಟ 4 ಎಂದು ಹಿಡಿದರೆ, ಅವರ ಸೂತ್ರದಲ್ಲಿ 1.9 ಆಗುತ್ತದೆ. ಅಲ್ಲಿ 1.0 ಅತ್ಯುತ್ತಮ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಸುಲಭವಾಗಿ ಮುಗಿಯಿತು. ನಮ್ಮ ಅಂಕಪಟ್ಟಿ, ಪದವಿ ಅಸಲಿಯೆಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಕಟ್ಟಿದೆ. ಅದು ಕೈಗೆ ಬರಲು ವಾರಗಳೇ ಹಿಡಿಯುವುದರಿಂದ ಮೊದಲು ಅದಕ್ಕೇ ಕೈ ಹಾಕಬೇಕು.

ಇನ್ನು ದುಡ್ಡು. 'ಜರ್ಮನಿಯಲ್ಲಿ ಫೀಸಿಲ್ಲವಂತೆ' ಎಂದು ಊರಲ್ಲೆಲ್ಲ ಹೇಳುತ್ತಾರೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆ ಮಾತು ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಇಲ್ಲವೇ 6,000 ಯೂರೋ ಮಾಡಿದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ನಾನಿಟ್ಟ ದಿನದ ದರದಲ್ಲಿ ಹನ್ನೊಂದೂವರೆ ಲಕ್ಷ ದಾಟಿತು. ಇದು ಫೀಸಲ್ಲ, ನಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಮಗೇ ಬರುತ್ತದೆ. ಆದರೆ ಸೆಮಿಸ್ಟರಿನ 1,500 ಅದರಲ್ಲಿ ಸೇರಿಲ್ಲ. ನಾನು ಅಪ್ಪನಿಗೆ ಕೊಟ್ಟ ಮೊದಲ ಲೆಕ್ಕದಲ್ಲಿ ಇದನ್ನು ಬಿಟ್ಟಿದ್ದೆ. ಸಾಲ ಮಂಜೂರಾಗುವ ಹೊತ್ತಿಗೆ ಮತ್ತೆ ಅವರೆದುರು ಕೂತು ಬಾಯಿಬಿಡಬೇಕಾಯಿತು.

ಸಾಲಕ್ಕೆ ಬ್ಯಾಂಕು ಹಳ್ಳಿಮನೆಯ ಇ-ಸ್ವತ್ತು ಕೇಳಿತು. ಮನೆಯಿನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇತ್ತು. ಖಾತೆ ಅಪ್ಪನ ಹೆಸರಿಗೆ ಆಗಿ, ಇ-ಸ್ವತ್ತು ಕೈಗೆ ಬರಲು ಎರಡು ತಿಂಗಳಿಗೂ ಮೇಲೆ ಓಡಾಡಿದೆವು. ಮನೆ ಮೇಲೆ ಸಾಲ ಎತ್ತುವವರು ಅಡ್ಮಿಶನ್ ಪತ್ರಕ್ಕೆ ಕಾಯದೆ, ಅರ್ಜಿ ಹಾಕಿದ ದಿನವೇ ಮನೆಯ ಪತ್ರಗಳನ್ನು ಬಿಚ್ಚಿ ನೋಡಿ.

ಈಗ ತಿಂಗಳಿಗೆ ಸ್ಟುಟ್‌ಗಾರ್ಟ್‌ನ ವೈಹಿಂಗೆನ್ ಬಡಾವಣೆಯ ಹಾಸ್ಟೆಲ್ ಕೋಣೆಗೆ 370, ಆರೋಗ್ಯ ವಿಮೆಗೆ 145 ಯೂರೋ ಹೋಗುತ್ತದೆ. ಊಟ-ತಿಂಡಿ ಕಳೆದು ಉಳಿದದ್ದನ್ನು ಮುಂದಿನ ಸೆಮಿಸ್ಟರಿನ 1,500ಕ್ಕೆ ಕೂಡಿಡುತ್ತಿದ್ದೇನೆ.