ಗಣಿತದ ಪ್ರಬಂಧವನ್ನು ಆರ್ಕೈವ್‌ಗೆ ಹಾಕುವ ಮುನ್ನ

ಮುಂಬೈ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲೋ ಪವಾಯಿಯ ಐಐಟಿಯಲ್ಲೋ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲೋ ಗಣಿತ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮೊದಲ ಪ್ರಬಂಧ ಹಾಕುವಾಗ ಎಡವುವುದು ಗಣಿತದಲ್ಲಲ್ಲ, ಫೈಲುಗಳಲ್ಲಿ.

ಆರ್ಕೈವ್ (arXiv) 1991ರಿಂದ ನಡೆಯುತ್ತಿರುವ, ಸಂಶೋಧನಾ ಪ್ರಬಂಧಗಳ ಮುಕ್ತ ಆನ್‌ಲೈನ್ ಭಂಡಾರ. ಓದುವವರೂ ಹಾಕುವವರೂ ಕಾಸು ಕೊಡಬೇಕಿಲ್ಲ. ಹೊಸಬರಿಗೆ ಮಾತ್ರ, ಆ ವಿಭಾಗದಲ್ಲಿ ಈಗಾಗಲೇ ಪ್ರಬಂಧ ಹಾಕಿದವರ ಅನುಮೋದನೆ ಬೇಕಾಗಬಹುದು. ಗೈಡ್ ರಜೆ ಮೇಲೆ ಹೋಗುವ ಮೊದಲೇ ಕೇಳಿಡಿ.

ಗಣಿತದ ಬರಹ ಜೋಡಿಸುವ ತಂತ್ರಾಂಶ ಲೇಟೆಕ್‌ನಲ್ಲಿ ಬರೆದಿದ್ದರೆ ಬರೀ ಪಿಡಿಎಫ್ ನಡೆಯದು, ಮೂಲ ಟೆಕ್ ಫೈಲನ್ನೇ ಕೊಡಬೇಕು. ಜೊತೆಗೆ ಉಲ್ಲೇಖಗಳ ಪಟ್ಟಿಯಿರುವ ಬಿಬಿಎಲ್ ಫೈಲನ್ನೂ ಇಡಿ. ಅದರ ಹೆಸರು ಮುಖ್ಯ ಫೈಲಿನದೇ ಆಗಿರಲಿ. ಇಲ್ಲವಾದರೆ ಉಲ್ಲೇಖಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬಂದೀತು. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾದರೂ ವಿಂಡೋಸ್ ಸುಮ್ಮನಿರುತ್ತದೆ, ಆರ್ಕೈವ್ ಬಿಡುವುದಿಲ್ಲ. ಟೆಕ್ ಫೈಲಿನಿಂದ ನೇರವಾಗಿ ಪಿಡಿಎಫ್ ಮಾಡುವ ಪಿಡಿಎಫ್‌ಲೇಟೆಕ್ ಬಳಸಿದ್ದರೆ ಚಿತ್ರಗಳು ಪಿಡಿಎಫ್, ಪಿಎನ್‌ಜಿ ಅಥವಾ ಜೆಪಿಜಿಯಲ್ಲಿರಲಿ, ನಡುವೆ ಇಪಿಎಸ್ ಬಗೆಯ ಚಿತ್ರ ಬೆರೆಸಬೇಡಿ. ಶೇಕಡಾ ಚಿಹ್ನೆ ಹಾಕಿ ಮರೆಮಾಡಿದ ಟಿಪ್ಪಣಿಗಳನ್ನೂ ಅಳಿಸಿ. ಮೂಲ ಫೈಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಹಲೇಖಕರ ಮೇಲೆ ಗೊಣಗಿದ್ದು ಊರಿಗೆಲ್ಲ ಗೊತ್ತಾದೀತು!

ಸಾರಾಂಶ 1920 ಅಕ್ಷರಗಳೊಳಗಿರಲಿ.

ಪ್ರಬಂಧವನ್ನು ಇತರರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸನ್ನು ಒಮ್ಮೆ ಆರಿಸಿದರೆ ಹಿಂಪಡೆಯಲಾಗದು. ಜರ್ನಲ್‌ನ ಕರಾರು ಓದದೆ, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಮರುಬಳಸಲು ಬಿಡುವ ಸಿಸಿ ಬೈ ಒತ್ತಬೇಡಿ. ಅನುಮಾನವಿದ್ದರೆ ಆರ್ಕೈವ್‌ನ ಸ್ವಂತ ಲೈಸೆನ್ಸೇ ಸಾಕು.

ಪ್ರಬಂಧ ಸಲ್ಲಿಸುವ ದಿನದ ಗಡುವು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆ. ನಮ್ಮಲ್ಲಿ ಆಗ ಅವರ ಬೇಸಿಗೆಯಲ್ಲಾದರೆ ರಾತ್ರಿ 11:30, ಚಳಿಗಾಲದಲ್ಲಾದರೆ 12:30. ಪ್ರಕಟವಾದದ್ದನ್ನು ಅಳಿಸಲಾಗದು. ತಪ್ಪು ಸಿಕ್ಕರೆ ಎರಡನೇ ಆವೃತ್ತಿ ಹಾಕಿ. ಮೊದಲನೆಯದೂ ಅಲ್ಲೇ ಕೂತಿರುತ್ತದೆ.